ಶಾಂತಿಗ್ರಾಮ, ಕೆರೆ ಏರಿ, ಸಂಜೆ

"ಪ್ರಶ್ನೆ ಇರುವವರು ಚೀಟಿಯಲ್ಲಿ ಬರೆದು ಕೊಡಬೇಕು. ದಯವಿಟ್ಟು ಯಾರೂ ಎದ್ದು ನಿಂತು ಮಾತನಾಡಬಾರದು" ಎಂದು ಸಭೆ ನಡೆಸುತ್ತಿದ್ದ ಚಂದ್ರಶೇಖರಯ್ಯನವರು ಮೈಕಿನಲ್ಲಿ ಮೂರನೇ ಸಲ ಹೇಳಿದಾಗ, ಬೆಟ್ಟಮ್ಮ ತನ್ನ ಚೀಟಿಯನ್ನು ನಾಲ್ಕನೇ ಸಲ ಓದಿಕೊಳ್ಳುತ್ತಿದ್ದಳು. ಮನೆಯಲ್ಲೇ ಬರೆದುಕೊಂಡು ಬಂದದ್ದು. ಹಾಳೆಯ ಮೇಲ್ಗಡೆ ಬ್ಯಾಂಕಿನ ಅರ್ಜಿಯಲ್ಲಿ ಗಂಡನ ಹೆಸರು ಸೇರಿಸಿ ಬರೆಯುವ ಹಾಗೆ 'ಬೆಟ್ಟಮ್ಮ ಕೋಂ ರಾಮಣ್ಣ, ಶಾಂತಿಗ್ರಾಮ' ಎಂದಿತ್ತು. ಅದರ ಕೆಳಗೆ ಎರಡೇ ಸಾಲು: 'ಸಿನಿಮಾದಲ್ಲಿ ಹಸ ಕರೆಯುವ ದನಿ ನನ್ನದು. ಹೌದೋ ಅಲ್ಲವೋ ತಾವು ಹೇಳಬೇಕು.'

ಚೀಟಿಯನ್ನು ಕೊಟ್ಟು ಬಂದು ಕೂತಳು. ಹಾಸನದ ಚಿತ್ರೋತ್ಸವದ ಎರಡನೇ ದಿನ. ಹನ್ನೊಂದಕ್ಕೆ ಎಂದು ಹಾಕಿದ್ದ ಸಂವಾದ ಹನ್ನೆರಡೂ ಕಾಲಾದರೂ ಶುರುವಾಗಿರಲಿಲ್ಲ. ನಮ್ಮ ಊರುಗಳಲ್ಲಿ ಯಾವ ಸಮಾರಂಭವಾದರೂ ಅದಕ್ಕೆ ಮೊದಲು ಇನ್ನೊಂದು ಸಮಾರಂಭ ಆಗಲೇಬೇಕಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ ಎಲ್ಲ ಮುಗಿದು, ಈಗ ಅತಿಥಿಗೆ ಪೇಟ ತೊಡಿಸುವ ಕೆಲಸ ನಡೆಯುತ್ತಿತ್ತು. ಪೇಟ ಚಿಕ್ಕದಾಗಿತ್ತು. ಅದು ತಲೆಗೆ ಇಳಿಯದೆ ಇಬ್ಬರು ಒತ್ತುತ್ತಿದ್ದರು.

ಆ ಪೇಟದ ಕೆಳಗಿದ್ದವನೇ ಕೀರ್ತಿರಾಜ್. ಸಿನಿಮಾಗಳಿಗೆ ಶಬ್ದ ಕೂರಿಸುವವನು. ಬೆಟ್ಟಮ್ಮನಿಗೆ ನೋಡಿದ ತಕ್ಷಣ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿನ ಹತ್ತಿರ ಶೂಟಿಂಗ್ ನಡೆಯುತ್ತಿದ್ದಾಗ, ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿಕೊಂಡು ಸುತ್ತಮುತ್ತಲ ಊರೂರು ತಿರುಗುತ್ತಿದ್ದವನು ಇವನೇ. ಶಾಂತಿಗ್ರಾಮದ ಕೆರೆ ಏರಿಯ ಮೇಲೆ ಅವಳನ್ನು ಹಿಡಿದು, "ಅಮ್ಮಾ, ಹಸು ಕರೆಯೋದನ್ನ ಒಂದು ಸಲ ಕೂಗಿ ತೋರಿಸ್ತೀರಾ?" ಎಂದಿದ್ದ. "ಒತ್ತಾಗ್ಲಿ ಸಾ, ಸುಮ್ಸುಮ್ನೆ ಕೂಗಿದ್ರೆ ಅಸಾ ಏನಂದ್ಕೊಂಡಾತು?" ಎಂದು ಅವಳು ಅವನನ್ನು ಒಂದು ಗಂಟೆ ಕಾಯಿಸಿದ್ದಳು. ಅವನೂ ಏರಿಯ ಕಲ್ಲಿನ ಮೇಲೆ ಕೂತು ಅವಳು ಕೊಟ್ಟ ಕಡಲೆಕಾಯಿ ತಿಂದು, ಹೊತ್ತಾದ ಮೇಲೆ ಅವಳ ಕೂಗನ್ನು ಯಂತ್ರದಲ್ಲಿ ಹಿಡಿದುಕೊಂಡು ಹೋಗಿದ್ದ.

ಅದಾದ ಮೇಲೆ ಅವಳು ಅದನ್ನು ಮರೆತೇಬಿಟ್ಟಿದ್ದಳು. ಕಳೆದ ಯುಗಾದಿ ಆದ ಮೇಲೆ ಒಂದು ಭಾನುವಾರ ಟಿವಿಯಲ್ಲಿ ಆ ಸಿನಿಮಾ ಬಂತು. ನಾಯಕಿ ಹೊಳೆಯ ದಂಡೆಯಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಹಸುವನ್ನು ಕರೆದಳು. ಗೋಡೆಯ ಆಚೆ ಕೊಟ್ಟಿಗೆಯಲ್ಲಿ ಮಲಗಿದ್ದ ಚುಕ್ಕಿ ಧಡಕ್ಕನೆ ಎದ್ದು, ಹಗ್ಗ ಜಗ್ಗಿ, ಅಂಬಾ ಎಂದಿತು. ಬೆಟ್ಟಮ್ಮನ ಕೈಯಲ್ಲಿದ್ದ ಮೊರ ಜಾರಿತು.

"ಅದ್ ನನ್ ದನಿ!" ಎಂದಿದ್ದಳು.

"ಅಸಾ ಟಿವಿ ನೋಡ್ತದಾ ಕಣಮ್ಮಿ?" ಎಂದು ರಾಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮಾರನೇ ದಿನ ಹಾಲಿನ ಡೇರಿಯಲ್ಲಿ ಅವಳಿಗೆ 'ಈರೋಯಿನ್' ಎಂದು ಹೆಸರು ಬಿತ್ತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತರೆ ಸಾಕು, "ಈರೋಯಿನ್ ಬಂದ್ರು, ದಾರಿ ಬಿಡ್ರಲಾ" ಎನ್ನುತ್ತಿದ್ದರು. ಅವರು ನಕ್ಕದ್ದು ಅವಳಿಗೆ ಅಷ್ಟು ನೋಯಲಿಲ್ಲ. ಗಂಡನೂ ಅವರ ಜೊತೆ ನಿಂತು ನಕ್ಕದ್ದು ನೋಯಿತು. ಮೂವತ್ತೈದು ವರ್ಷ ಅದೇ ದನಿ ಕೇಳಿಕೊಂಡು ಬಂದವನಿಗೆ ಗೊತ್ತಾಗದ್ದು ಹಸುವಿಗೆ ಗೊತ್ತಾಯಿತಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿನ ಗೋಡೆಗೆ 'ಸಿನಿಮಾದಲ್ಲಿ ಶಬ್ದ: ಕೀರ್ತಿರಾಜ್ ಅವರೊಂದಿಗೆ ಸಂವಾದ. ಪ್ರವೇಶ ಉಚಿತ. ಎಲ್ಲರಿಗೂ ಸ್ವಾಗತ' ಎಂಬ ಪೋಸ್ಟರ್ ಅಂಟಿಸಿದ್ದನ್ನು ಓದಿದಾಗಲೇ ಅವಳು ತೀರ್ಮಾನಿಸಿಬಿಟ್ಟಳು. ಎಲ್ಲರಿಗೂ ಎಂದ ಮೇಲೆ ತನಗೂ ತಾನೇ.

ಪೇಟ ತೆಗೆದು ಪಕ್ಕಕ್ಕಿಟ್ಟು ಕೀರ್ತಿರಾಜ್ ಮಾತು ಶುರುಮಾಡಿದ. ಚೆನ್ನಾಗಿಯೇ ಮಾತಾಡಿದ. ಮುಂದಿನ ಸಾಲುಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಬರೆದುಕೊಳ್ಳುತ್ತಿದ್ದರು.

"ಒಂದು ಮಾತು ನೆನಪಿಡಿ" ಎಂದ. "ರೆಕಾರ್ಡರ್ ಆನ್ ಮಾಡಿದ ತಕ್ಷಣ ಮೊದಲು ನಿಮ್ಮ ಬಾಯಲ್ಲಿ ಹೇಳಬೇಕು. ಯಾವ ಊರು, ಯಾವ ಜಾಗ, ಎಷ್ಟು ಹೊತ್ತು, ಯಾರ ಶಬ್ದ. ಅದನ್ನ ಹೇಳದೇ ಇದ್ರೆ ನಾಳೆ ಆ ಶಬ್ದಕ್ಕೆ ತಂದೆ ತಾಯಿ ಇರಲ್ಲ."

ಬೆಟ್ಟಮ್ಮ ನೆಟ್ಟಗೆ ಕೂತಳು. ಹೌದು, ಅವತ್ತು ಏರಿಯ ಮೇಲೂ ಹೇಳಿದ್ದ. ಯಂತ್ರವನ್ನು ಬಾಯಿಯ ಹತ್ತಿರ ಹಿಡಿದು ಗುಟ್ಟು ಹೇಳುವವನ ಹಾಗೆ ಏನೋ ಹೇಳಿದ್ದ. ಊರ ಹೆಸರಿತ್ತು. ಕೊನೆಯ ಮಾತೂ ಅವಳ ಕಿವಿಗೆ ಬಿದ್ದಿತ್ತು.

ದೀಪ ಆರಿಸಿದರು. ಕಣ್ಣು ಮುಚ್ಚಿಕೊಂಡು ಕೇಳಿ ಎಂದ. ಹೊಳೆಯ ನೀರು, ಕೊಕ್ಕರೆ, ದೂರದಲ್ಲಿ ಒಂದು ಪಂಪ್‌ಸೆಟ್ಟು. ಆಮೇಲೆ ಆ ದೊಡ್ಡ ಸಭಾಂಗಣದ ನಾಲ್ಕೂ ಮೂಲೆಯಿಂದ, "ಬಾವ್ವಾ... ಓ ಬಾ ಬಾ ಬಾವ್ವಾ..." ಎಂದು ಅವಳ ದನಿ ಅವಳ ಮೇಲೇ ಬಂದು ಬಿತ್ತು. ತಾನು ಇಷ್ಟು ಚೆನ್ನಾಗಿ ಕೂಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ದೀಪ ಬಂತು. ಚಪ್ಪಾಳೆ ಬಿತ್ತು. "ಇದಕ್ಕಾಗಿ ನಮ್ಮ ನಾಯಕಿ ಹದಿನೈದು ದಿನ ಹಳ್ಳಿಯಲ್ಲಿದ್ದು ಕಲಿತರು" ಎಂದ ಕೀರ್ತಿರಾಜ್. ಪತ್ರಿಕೆಗಳಲ್ಲಿ ಬಂದಿದ್ದ ಮಾತೇ ಅದು. ಹೇಳಿ ಹೇಳಿ ಅವನ ನಾಲಿಗೆಗೆ ಅದು ರೂಢಿಯಾಗಿ ಹೋಗಿತ್ತು.

ಚಂದ್ರಶೇಖರಯ್ಯನವರು ಚೀಟಿಗಳನ್ನು ಎತ್ತಿಕೊಂಡರು. ನಿವೃತ್ತ ಅಧ್ಯಾಪಕರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಬೆಟ್ಟಮ್ಮನ ಚೀಟಿ ಬಂದಾಗ ಒಂದು ಕ್ಷಣ ತಡೆದು, ಕನ್ನಡಕ ಸರಿಮಾಡಿಕೊಂಡು, "ಶಾಂತಿಗ್ರಾಮದಿಂದ ಬಂದಿರುವ ಶ್ರೀಮತಿ ಬೆಟ್ಟಮ್ಮ ರಾಮಣ್ಣನವರು, ಹಸು ಕರೆಯುವ ಧ್ವನಿ ತಮ್ಮದೇ ಎನ್ನುವಷ್ಟು ಸಹಜವಾಗಿದೆ ಎಂದು ಮೆಚ್ಚುಗೆ ವ್ಯಕ್ತಪಡಿಸಿದ್ದಾರೆ" ಎಂದರು. ಕೀರ್ತಿರಾಜ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ.

ಬೆಟ್ಟಮ್ಮ ಎದ್ದು ನಿಂತಳು.

"ಮೆಚ್ಗೆ ಅಲ್ಲ ಸಾ. ನಾನ್ ಬರ್ದಿರದು ಅದಲ್ಲ."

"ಅಮ್ಮಾ, ಸಮಯದ ಅಭಾವ..."

"ಒಂದೇ ಮಾತು ಸಾ. ಆ ದನಿ ನಂದು. ಅವ್ರು ನಮ್ಮೂರ್ ಕೆರೆ ಏರಿ ಮ್ಯಾಲೆ ಇಡ್ಕೊಂಡೋಗಿದ್ದು. ಔದೋ ಅಲ್ವೋ ಅವ್ರೇ ಯೋಳ್ಬೇಕು."

ಸಭೆಯಲ್ಲಿ ಗುಸುಗುಸು ಎದ್ದಿತು. ಕೀರ್ತಿರಾಜ್ ನಗುನಗುತ್ತಲೇ, "ಎಷ್ಟೋ ಊರಲ್ಲಿ ರೆಕಾರ್ಡ್ ಮಾಡಿದ್ದೀವಮ್ಮ, ಎಲ್ಲ ನೆನಪಿರಲ್ಲ. ಆದ್ರೆ ಈ ಧ್ವನಿ ಮಾತ್ರ..." ಎಂದು ಅರ್ಧಕ್ಕೇ ನಿಲ್ಲಿಸಿದ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬಳು, "ಕೂಗಿ ತೋರಿಸ್ಲಿ ಸರ್!" ಎಂದಳು. ಇನ್ನೂ ಹತ್ತು ಜನ ಅದನ್ನೇ ಹೇಳಿದರು. ಯಾರೋ ಅವಳ ಕೈಗೆ ಮೈಕು ತಂದು ಕೊಟ್ಟರು.

ಬೆಟ್ಟಮ್ಮ ಮೈಕು ಹಿಡಿದು ಬಾಯಿ ತೆರೆದಳು. ಎದುರಿಗೆ ಕೆಂಪು ಕುರ್ಚಿಗಳು, ನೂರು ಮುಖಗಳು, ಮೊಬೈಲುಗಳು. ದನಿ ಹೊರಡಲಿಲ್ಲ. ಇನ್ನೊಮ್ಮೆ ಕೂಗಲು ನೋಡಿದಳು. ಬಂದದ್ದು ಕೆಮ್ಮು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಡೇರಿಯ ನಗುವೇ ಅದು, ಇಲ್ಲಿಗೂ ಬಂದಿತ್ತು.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಇಲ್ ಯಾರ್ನ ಕರೀಲಿ?" ಎಂದಳು. ಆ ಮಾತು ಮೈಕಿನಲ್ಲಿ ಖಣಿಲ್ ಎಂದು ಕೇಳಿಸಿತು. "ಬರೋರಿದ್ರೆ ದನಿ ತಾನೇ ಬತ್ತದೆ. ಕುರ್ಚಿ ಕರ್ಯಕ್ಕಾದದಾ? ಸಾ, ನಿಮ್ ಕಾರು ಬೆಂಗ್ಳೂರ್ಗೆ ನಮ್ಮೂರ್ ಮ್ಯಾಲೇ ಓಗ್ಬೇಕು. ಸಂಜೆ ಐದೂ ಮುಕ್ಕಾಲ್ಗೆ ನಾನ್ ಅಸಾ ಕರ್ಯೋ ಒತ್ತು. ಅದೇ ಏರಿ. ನಿಂತು ಕೇಳಿ. ನಂದಲ್ಲ ಅಂತ ಆವಾಗ ಯೋಳಿ, ನಾನ್ ಇನ್ನೊಂದ್ ಮಾತಾಡಲ್ಲ."

ಮೈಕು ಕೊಟ್ಟು ಕೂತಳು. ಚಂದ್ರಶೇಖರಯ್ಯನವರು ವಂದನಾರ್ಪಣೆಗೆ ಇನ್ನೊಬ್ಬರನ್ನು ಕರೆದರು.

ಊರಿಗೆ ಬಂದಾಗ ನಾಲ್ಕೂವರೆ. ರಾಮಣ್ಣ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಏನಂದ್ರಮ್ಮೀ?"

"ಬತ್ತಾರೆ."

"ಯಾರು?"

"ಸಿನಿಮಾದೋರು." ಮುಖ ತೊಳೆದುಕೊಂಡು, ತಂಬಿಗೆ ನೀರು ಕುಡಿದು, ಅವನ ಕಡೆ ತಿರುಗದೆ ಹೊರಟಳು. ರಾಮಣ್ಣ ಈ ಸಲ ನಗಲಿಲ್ಲ. ಅವಳ ನಡಿಗೆ ನೋಡಿದರೆ ನಗುವ ಹಾಗಿರಲಿಲ್ಲ.

ಏರಿಯ ಮೇಲೆ ನಿಂತರೆ ಹೆದ್ದಾರಿ ಕಾಣುತ್ತಿತ್ತು. ಬಸ್ಸು, ಲಾರಿ, ಕಾರು. ಪ್ರತಿ ಬಿಳಿ ಕಾರೂ ಹತ್ತಿರ ಬಂದು, ನಿಧಾನ ಮಾಡುವ ಹಾಗೆ ತೋರಿಸಿ, ಚನ್ನರಾಯಪಟ್ಟಣದ ಕಡೆಗೆ ಹೋಗಿಬಿಡುತ್ತಿತ್ತು. ಅವಳು ಲೆಕ್ಕ ಇಡುವುದನ್ನು ಬಿಟ್ಟಳು. ಕೆರೆಯಂಗಳದ ಆಚೆ ತುದಿಯಲ್ಲಿ ನಾಲ್ಕು ಹಸುಗಳು ಮೇಯುತ್ತಿದ್ದವು. ಹೊತ್ತು ಐದೂ ಮುಕ್ಕಾಲಾಯಿತು. ಇನ್ನೊಂದು ಐದು ನಿಮಿಷ ಕಾಯೋಣವೇ ಅನ್ನಿಸಿತು. ಕೆಚ್ಚಲು ತುಂಬಿಕೊಂಡ ಹಸುವನ್ನು ಯಾವ ಸಿನಿಮಾದವನಿಗಾಗಿ ಕಾಯಿಸುವುದು? ಬರದಿದ್ದರೆ ಬೇಡ. ಅವನಿಗೆ ಬೇಡವಾದರೆ ದನಿ ತನ್ನದಲ್ಲದೆ ಹೋಗುತ್ತದೆಯೇ?

ಹೆದ್ದಾರಿಗೆ ಬೆನ್ನು ಹಾಕಿ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು.

"ಬಾವ್ವಾ... ಓ ಬಾ ಬಾ ಬಾವ್ವಾ..."

ನೀರಿನ ಮೇಲೆ ದನಿ ಹೋಗಿ ಆಚೆ ದಡ ಮುಟ್ಟಿತು. ನಾಲ್ಕರಲ್ಲಿ ಮೂರು ಹಸು ತಲೆ ಎತ್ತದೆ ಮೇಯುತ್ತಲೇ ಇದ್ದವು. ಚುಕ್ಕಿ ಒಂದೇ ಕತ್ತೆತ್ತಿತು, ಕಿವಿ ನಿಮಿರಿಸಿತು, ಬಾಯಲ್ಲಿ ಇದ್ದ ಹುಲ್ಲನ್ನು ಬಿಟ್ಟು ಹೊರಟಿತು. ಮೊದಲು ನಡಿಗೆ, ಆಮೇಲೆ ಓಟ. ಬೆಟ್ಟಮ್ಮ ಎರಡನೇ ಸಲ ಕೂಗಿದಾಗ ಅದು ಆಗಲೇ ಏರಿ ಹತ್ತುತ್ತಿತ್ತು.

ಹಸುವಿನ ಕೊರಳಡಿಯ ಗಂಗೆದೊಗಲು ಸವರುತ್ತ ತಿರುಗಿದಳು. ಹತ್ತು ಮಾರು ದೂರದಲ್ಲಿ ಕೀರ್ತಿರಾಜ್ ನಿಂತಿದ್ದ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಅದೇ ಯಂತ್ರ. ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ. ಅವನ ಹಿಂದೆ, ಏನು ನಡೆಯುತ್ತಿದೆಯೋ ನೋಡೋಣವೆಂದು ಬಂದಿದ್ದ ರಾಮಣ್ಣ, ಅದನ್ನು ತನಗೇ ಹೇಳಿದ್ದೆಂದು ತಿಳಿದು ಉಸಿರು ಬಿಗಿಹಿಡಿದು ನಿಂತಿದ್ದ.

ಸ್ವಲ್ಪ ಹೊತ್ತಾದ ಮೇಲೆ ಕೀರ್ತಿರಾಜ್ ಹೆಡ್‌ಫೋನನ್ನು ಕತ್ತಿಗೆ ಇಳಿಸಿದ.

"ಹಳೇ ರೆಕಾರ್ಡಿಂಗ್ ಲ್ಯಾಪ್‌ಟಾಪಲ್ಲಿತ್ತು. ಬರ್ತಾ ಕಾರಲ್ಲಿ ಹಾಕಿ ಕೇಳಿದೆ ಅಮ್ಮ. ಶುರುವಲ್ಲಿ ನಾನೇ ಹೇಳಿದ್ದೀನಿ. ಶಾಂತಿಗ್ರಾಮ, ಕೆರೆ ಏರಿ, ಸಂಜೆ..." ಎಂದು ನಿಲ್ಲಿಸಿದ.

"ಎಂಗ್ಸು" ಎಂದಳು ಬೆಟ್ಟಮ್ಮ. "ಕೊನೇಗ್ ಬರೀ ಎಂಗ್ಸು ಅಂದ್ರಿ. ನಂಗ್ ಕೇಳಿಸ್ತು."

ಅವನು ತಲೆ ತಗ್ಗಿಸಿದ. "ಹೆಸರು ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ಅವರೆಲ್ಲ ನಾಯಕಿದು ಅಂತ ಹೇಳೋಕೆ ಶುರುಮಾಡಿದ್ರು, ನಾನೂ ಸುಮ್ಮನಾದೆ. ತಪ್ಪು ನಂದೇ." ಆಮೇಲೆ ಮೆಲ್ಲಗೆ, "ಈಗ ಸಿನಿಮಾದಲ್ಲಿ ಹೆಸರು ಹಾಕೋಕಾಗಲ್ಲ ಅಮ್ಮ" ಎಂದ.

"ಗೊತ್ತು. ಸಿನಿಮಾ ಕೆಡ್ವಿ ಕಟ್ಟಿ ಅಂತ ನಾನಂದ್ನಾ? ಎಲ್ಲೆಲ್ ಕುಂತು ಅದುನ್ನ ಜನುಕ್ಕೆ ಕೇಳಿಸ್ತೀರೋ, ಅಲ್ಲೆಲ್ಲ ಯೋಳಿ. ಅಷ್ಟೆಯಾ."

"ಹೇಳ್ತೀನಿ. ಮುಂದಿನ ವಾರ ಮೈಸೂರಲ್ಲಿ ಇಂಥದ್ದೇ ಸಂವಾದ ಇದೆ, ಅಲ್ಲಿಂದಲೇ ಶುರು." ಯಂತ್ರವನ್ನು ಒಮ್ಮೆ ನೋಡಿದ. "ಇನ್ನೊಂದು ಸಲ ಕೂಗ್ತೀರಾ? ಈ ಸಲ ಮೊದಲೇ ಹೆಸರು ಹೇಳಿ ತಗೋತೀನಿ."

"ಬಂದ್ ನಿಂತಿರೋ ಅಸಾನ ಯಾಕ್ ಕರೀಲಿ ಸಾ?"

ಅವನು ನಕ್ಕುಬಿಟ್ಟ. ಆಮೇಲೆ ಯೋಚಿಸಿ, "ಪರವಾಗಿಲ್ಲ, ಇನ್ನೂ ಆನ್ ಇದೆ. ಶುರುವಲ್ಲಿ ಹೇಳದಿದ್ರೆ ಕೊನೇಲಿ ಹೇಳಿದ್ರೂ ಆಗುತ್ತೆ" ಎಂದ. ಯಂತ್ರವನ್ನು ಬಾಯಿಯ ಹತ್ತಿರ ಹಿಡಿದ. "ಶಾಂತಿಗ್ರಾಮ. ಕೆರೆ ಏರಿ. ಸಂಜೆ ಐದು ಐವತ್ತು. ಹಸು ಕರೆಯುವುದು." ಕೈ ಚಾಚಿ ಅದನ್ನು ಅವಳ ಮುಂದೆ ತಂದ.

ಕೆಂಪು ದೀಪ ಮಿಣುಕುತ್ತಿತ್ತು. ರಾಮಣ್ಣ ಒಂದು ಹೆಜ್ಜೆ ಮುಂದೆ ಬಂದ.

"ಬೆಟ್ಟಮ್ಮ ಕೋಂ..." ಎಂದಳು. ಅಷ್ಟಕ್ಕೇ ನಿಲ್ಲಿಸಿದಳು. ಹಾಸನದ ಸಭೆಯಲ್ಲಿ ಹೊರಡದ ದನಿ ಈಗ ಕರೆಯದೆಯೇ ಬಂದಿತ್ತು.

"ಬೆಟ್ಟಮ್ಮ" ಎಂದಳು.

ಕೀರ್ತಿರಾಜ್ ಯಂತ್ರವನ್ನು ಆಫ್ ಮಾಡಲಿಲ್ಲ. ಚುಕ್ಕಿ ಅವಳ ಸೆರಗನ್ನು ಮೂಸಿ, ಮನೆಯ ಕಡೆ ತಿರುಗಿ ತಾನೇ ಹೊರಟಿತು. ಅದರ ಹಿಂದೆ ಅವಳು, ಅವಳ ಹಿಂದೆ ರಾಮಣ್ಣ. ಏರಿಯ ಮಣ್ಣಿನ ಮೇಲೆ ಮೂವರ ಹೆಜ್ಜೆಯ ಸದ್ದು ಕಡಿಮೆಯಾಗುತ್ತ ಹೋಗುವವರೆಗೂ ಅವನು ಕೈ ಚಾಚಿಕೊಂಡೇ ನಿಂತಿದ್ದ.