ಹೇಮಪ್ಪ ಮುಚ್ಚಿದ ಸುಡುಗಾಡು

ಫೈನಲ್ ಶುರುವಾಗಬೇಕು, ಅಷ್ಟರಲ್ಲಿ ಹೇಮಪ್ಪ ಹೊಸ ಕಾನೂನು ತೆಗೆದ.

‘ಇವತ್ತ ಸುಡುಗಾಡು ಬಂದ್. ಸತ್ತ ಕಾರ್ಡು ಸತ್ತಂಗ. ಯಾರೂ ಎಬ್ಬಸಂಗಿಲ್ಲ.’

ಹಸೀಬಾಳ ಮೈ ಉರಿದುಹೋಯಿತು. ಉರಿಯದೆ ಏನು ಮಾಡೀತು?

ಭಾಗ್ಯನಗರದಲ್ಲಿ ಹೇಮಪ್ಪನದು ಮೊಬೈಲ್ ರಿಪೇರಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಭಾನುವಾರ ಭಾನುವಾರ ಹುಡುಗರು ಕೂಡಿ ಕಾರ್ಡಾಟ ಆಡುತ್ತಾರೆ. ಇಸ್ಪೀಟಲ್ಲ, ದೆವ್ವ, ಸಿಪಾಯಿ, ಮಂತ್ರಗಳ ಆಟ. ಒಬ್ಬೊಬ್ಬರಿಗೂ ತಮ್ಮದೇ ಕಾರ್ಡುಗಳ ಒಂದು ಕಟ್ಟು, ಅದಕ್ಕೆ ಡೆಕ್ಕು ಅನ್ನುತ್ತಾರೆ, ಪ್ರತಿ ಸರದಿಗೆ ಅದರಿಂದ ಒಂದು ಕಾರ್ಡು ಎಳೆಯಬೇಕು. ಕಾದಾಡಿ ಸತ್ತ ಕಾರ್ಡು ಪಕ್ಕದ ರಾಶಿಗೆ ಬೀಳುತ್ತದೆ. ಆ ರಾಶಿಗೇ ಇವರು ಸುಡುಗಾಡು ಅನ್ನುವುದು. ಹಸೀಬಾಳ ರಾಶಿಯನ್ನು ಮಾತ್ರ ಚೇಷ್ಟೆಗೆ ಕಬರಸ್ತಾನ ಅನ್ನುತ್ತಿದ್ದರು, ಅವಳೂ ನಗುತ್ತಿದ್ದಳು.

ಅವಳ ಕಸುಬೆಲ್ಲ ಇದ್ದದ್ದೇ ಆ ರಾಶಿಯಲ್ಲಿ. ಉಳಿದವರು ಒಳ್ಳೆಯ ಕಾರ್ಡು ಸತ್ತರೆ ಹೊಟ್ಟೆ ಹೊಟ್ಟೆ ಹೊಡೆದುಕೊಳ್ಳುವರು. ಇವಳೋ ‘ಗೋರಿ ತೋಡು’ ಎಂಬ ಕಾರ್ಡು ಹಾಕಿ ತನ್ನ ದೊಡ್ಡ ದೊಡ್ಡ ದೆವ್ವಗಳನ್ನು ಡೆಕ್ಕಿನಿಂದ ನೇರ ರಾಶಿಗೆ ಕಳಿಸುವಳು. ಆಮೇಲೆ ಒಂದು ಅಗ್ಗದ ಮಂತ್ರ, ದೆವ್ವ ಎದ್ದು ಬಂತು. ದೊಡ್ಡ ಕಾರ್ಡು ಇಳಿಸಲು ಸರದಿಗಟ್ಟಲೆ ಮುಂಬಾಗಿಲಲ್ಲಿ ಕಾಯುವವರು ಕಾಯಲಿ, ಇವಳದು ಹಿತ್ತಲ ಬಾಗಿಲು. ಯಲಬುರ್ಗಾದಲ್ಲಿ ಜಂಪರು ಹೊಲಿದುಕೊಂಡು, ಒಂದಕ್ಕೊಂದು ಕಾರ್ಡು ಬದಲಾಯಿಸಿಕೊಳ್ಳುತ್ತ ಎರಡು ವರ್ಷ ಕಟ್ಟಿದ ಡೆಕ್ಕು ಅದು.

ಫೈನಲ್ ಗೆದ್ದವರಿಗೆ ಹುಬ್ಬಳ್ಳಿಯ ದೊಡ್ಡ ಪಂದ್ಯಕ್ಕೆ ಹೋಗುವ ಒಂದೇ ಒಂದು ಜಾಗ. ಹೋದ ವರ್ಷ ಹೋದವನು ಹೇಮಪ್ಪನ ಅಕ್ಕನ ಮಗ ಯಂಕೇಶ. ಮೊದಲ ಸುತ್ತಿಗೇ ಸೋತು ಬಂದು ವರ್ಷವಿಡೀ ಅಲ್ಲಿಯ ಏಸಿ ಹಾಲನ್ನು ಹೊಗಳಿದ ಭೂಪ. ಈ ಸಲ ಫೈನಲ್‌ನಲ್ಲಿ ಹಸೀಬಾಳ ಎದುರು ಕೂತವನೂ ಅವನೇ.

‘ಯಾಕ್ರಿ ಹೇಮಣ್ಣ, ಇಷ್ಟ ದಿನ ಇಲ್ಲದ್ದು ಇವತ್ತ್ಯಾಕ?’

‘ನಮ್ಮವ್ವ ಬ್ಯಾಡ ಅಂತಾಳವಾ. ಅಂಗಡ್ಯಾಗ ಹೆಣ ಎಬ್ಬಸೋದು ಛಲೋ ಅಲ್ಲಂತ. ಹಿರೇರ ಮಾತು, ಮೀರಾಕ ಬರಂಗಿಲ್ಲ. ಕಾನೂನು ಇಬ್ಬರಿಗೂ ಒಂದ ಐತಿ, ಆಡ್ರಿ.’

ಯಂಕೇಶ ಮೊಬೈಲಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದ. ಕೈಕಾಲು ಕಟ್ಟಿ ಬಾವಿಗೆ ನೂಕಿ ಈಜು ಅಂದ ಹಾಗಾಯಿತು. ಎದ್ದು ಹೋಗಿಬಿಡಲೇ ಅನ್ನಿಸಿತು ಹಸೀಬಾಳಿಗೆ. ಇವರಿಗೆ ಬೇಕಾದದ್ದೂ ಅದೇ. ಡೆಕ್ಕನ್ನು ಟೇಬಲ್ಲಿಗೆ ಬಡಿದು ಕೂತಳು.

ಕೈಗೆ ಬಂದವು ಹೆಚ್ಚಾಗಿ ಎಬ್ಬಿಸುವ ಮಂತ್ರಗಳೇ, ಇವತ್ತು ರದ್ದಿ ಕಾಗದ. ಯಂಕೇಶನ ಸಿಪಾಯಿಗಳು ಮೇಲಿಂದ ಮೇಲೆ ಬಡಿದವು. ಸಣ್ಣಪುಟ್ಟ ಕಾರ್ಡು ಅಡ್ಡ ಹಾಕುತ್ತ ಹಲ್ಲು ಕಚ್ಚಿ ತಡೆದಳು. ಅಷ್ಟರಲ್ಲಿ ‘ಗೋರಿ ತೋಡು’ ಬಂತು. ಸಿಟ್ಟಿನಲ್ಲಿ ಎಸೆಯಹೋದವಳು ಅದರ ಮೇಲಿನ ಬರಹ ಓದಿದಳು: ಒಬ್ಬ ಆಟಗಾರನನ್ನು ಆರಿಸಿ, ಅವನ ಡೆಕ್ಕಿನ ಮೇಲಿನ ಹತ್ತು ಕಾರ್ಡು ರಾಶಿಗೆ. ಇಷ್ಟು ದಿನ ಅವಳು ಆರಿಸಿದ್ದು ತನ್ನನ್ನೇ. ಬೇರೆಯವರನ್ನು ಆರಿಸಬೇಡ ಎಂದು ಯಾರಪ್ಪ ಹೇಳಿದ್ದ?

‘ನಿನ್ನ ಡೆಕ್ಕಿಂದ ಹತ್ತು ತೆಗಿ, ಯಂಕೇಶ.’

ಅವನು ನಗುತ್ತಲೇ ತೆಗೆದ. ಮತ್ತೊಂದು ‘ಗೋರಿ ತೋಡು’ ಬಂತು, ಮತ್ತೆ ತೆಗೆದ. ಮೂರನೆಯದಕ್ಕೆ ನಗು ನಿಂತಿತು. ಎಳೆಯಲು ಕಾರ್ಡಿಲ್ಲದವನು ಸೋತ ಹಾಗೆ, ಅದು ಆಟದ ಮೂಲ ಕಾನೂನು. ಅವನ ಡೆಕ್ಕು ಬರಿದಾಗಿತ್ತು. ಗಡಿಬಿಡಿಯಿಂದ ‘ಮರುಹುಟ್ಟು’ ಕಾರ್ಡು ಹಾಕಿದ. ಸತ್ತ ಕಾರ್ಡುಗಳನ್ನೆಲ್ಲ ಡೆಕ್ಕಿಗೆ ಮರಳಿಸುವ ಮಂತ್ರ ಅದು.

ಹಸೀಬಾ ಅವನ ರಾಶಿಯ ಮೇಲೆ ಅಂಗೈ ಊರಿದಳು.

‘ಮುಟ್ಟಬ್ಯಾಡ. ಸುಡುಗಾಡು ಬಂದ್ ಐತಿ.’

ಯಂಕೇಶ ಮಾವನ ಮುಖ ನೋಡಿದ. ಹೇಮಪ್ಪ ಅಡ್ಡ ಬಂದ. ‘ಅಲ್ಲವಾ, ಇದೊಂದ ಸಲ ಇರ್ಲಿ ಬಿಡು. ನಮ್ಮವ್ವಗ ನಾ ಹೇಳ್ತೀನಿ.’

‘ಈಗ ಹೇಳ್ತೀರೇನ್ರಿ? ನಾ ಕೇಳಿದಾಗ ಹಿರೇರ ಮಾತು ಮೀರಾಕ ಬರಂಗಿಲ್ಲ, ನಿಮ್ಮ ಅಳಿಯ ಸೋಲಾಕತ್ತಿದ ಕೂಡ್ಲೆ ಮೀರಾಕ ಬರ್ತದ. ಆ ಮುದುಕಿಗೆ ಈ ಆಟ ಅಂದ್ರ ಏನಂತ ಗೊತ್ತೈತೇನ್ರಿ? ಹೆತ್ತಾಕಿ ಹೆಸರ್ಲೆ ಸುಳ್ಳ ಹೇಳಾಕ ನಾಚಿಕಿ ಬರ್ಲಿಲ್ಲೇನ್ರಿ ನಿಮಗ?’

ಹೇಮಪ್ಪ ಸುತ್ತಲೂ ನೋಡಿದ. ಹುಡುಗರೆಲ್ಲ ಹಸೀಬಾಳ ಪಕ್ಕಕ್ಕೆ ಸರಿದು ನಿಂತಿದ್ದರು. ಕಡೆಗೆ ಅವನು ಮೊಬೈಲ್ ತೆಗೆದು ಹುಬ್ಬಳ್ಳಿಗೆ ಅವಳ ಹೆಸರು ಕಳಿಸಿದ.

ಹುಡುಗರು ಚಪ್ಪಾಳೆ ಹೊಡೆದರು. ಹಸೀಬಾಳಿಗೆ ಖುಷಿಯಾಗಲಿಲ್ಲ, ಸಿಟ್ಟು ಇನ್ನಷ್ಟು ಏರಿತು. ತಾನು ಕಟ್ಟಿದ ಆಟವನ್ನು ತಾನೇ ಆಡಲಾಗದಂತೆ ಮಾಡಿದ್ದರು, ದರಿದ್ರದವರು. ಕಾರ್ಡು ಕೂಡಿಸಿ ಕಲಸಿ ಟೇಬಲ್ಲಿನ ಮೇಲಿಟ್ಟಳು.

‘ಈಗ ಸುಡುಗಾಡಿನ ಬಾಗಲಾ ತೆಗೀರಿ ಹೇಮಣ್ಣ. ಯಂಕೇಶ, ಕುಂದ್ರು.’

‘ಹೆಸರು ಹೋತಲ್ಲ, ಮತ್ತ್ಯಾಕ?’

‘ಹೆಸರಿಗಲ್ಲ. ನನ್ನ ಆಟ ಇನ್ನೂ ಆಗಿಲ್ಲ.’

‘ನನಗ ಬಸ್ಸಿನ ಟೈಮ್ ಆತು.’

‘ಇನ್ನೊಂದ ಬಸ್ಸು ಬರ್ತದ. ಕುಂದ್ರು.’

ಅವನು ಬಾಗಿಲ ಕಡೆ ನೋಡಿದ. ಹುಡುಗರು ಅಡ್ಡ ನಿಂತಿದ್ದರು, ಯಾರೂ ಜರುಗಲಿಲ್ಲ. ಹೇಮಪ್ಪ ನೆಲ ನೋಡುತ್ತಿದ್ದ. ಯಂಕೇಶ ಕೂತ. ಹಸೀಬಾ ಮೊದಲ ಕಾರ್ಡು ಎಳೆದಳು.