ಗುರುತಿಲ್ಲದವನ ನಗು

"ಇದು ನೋಡೋಕೆ ಲಾಯಕ್ಕಾ, ದಂಡನಾ? ನೋಡಿ ಹೇಳಿ. ಮುಲಾಜು ಬೇಡ" ಎಂದು ಕ್ಷೌರಿಕ ಗಿರಾಕಿಯ ಬಲಗೆನ್ನೆಯ ಮೇಲೆ ಕತ್ತಿಯಿಟ್ಟ. ಕನ್ನಡಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಒಬ್ಬ ಮಹಾರಾಜ ಕೋಪದಿಂದ ಮೀಸೆ ತಿರುವುತ್ತಿದ್ದ. ತಿರುವಿದ ಮೀಸೆ ಕೈಗೇ ಕಿತ್ತು ಬಂತು.

ಕುರ್ಚಿಯಲ್ಲಿದ್ದವನು ಲಾರಿ ಡ್ರೈವರ್. ಟೈರನ್ನು ಪಕ್ಕದ ಪಂಕ್ಚರ್ ಅಂಗಡಿಗೆ ಕೊಟ್ಟು, ಸುಮ್ಮನೆ ನಿಲ್ಲುವ ಬದಲು ಗಡ್ಡವಾದರೂ ಹೋಗಲಿ ಎಂದು ಬಂದವನು. ಈ ಬೀದಿಗೆ ಹೊಸಬ. ಕ್ಷೌರಿಕನಿಗೆ ಬೇಕಾಗಿದ್ದದ್ದೂ ಅಂಥವನೇ.

"ಟೀವೀಲಿ ಬರುತ್ತಲ್ಲ ರಾಜರ ಧಾರಾವಾಹಿ, ಅದೇನಾ?"

"ಅದನ್ನ ಅಣಕಿಸಿ ಯಾರೋ ಹುಡುಗರು ಮಾಡಿದ್ದು."

ಯಾರೋ ಹುಡುಗರಲ್ಲ. ಮೀಸೆ ಕಳಚಿಕೊಂಡ ಮಹಾರಾಜ ಕ್ಷೌರಿಕನ ಮಗ. ಆ ಧಾರಾವಾಹಿಯೆಂದರೆ ಊಟ ಬಿಟ್ಟು ಕೂರುತ್ತಿದ್ದ ಹುಡುಗ ಗೆಳೆಯರಿಬ್ಬರನ್ನು ಕಟ್ಟಿಕೊಂಡು ಅದರದೇ ಅಣಕ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಿದ್ದ. "ನಿನ್ನ ಕೋತಿಯಾಟ ಯಾರು ನೋಡ್ತಾರೋ? ಮೊದಲು ಕತ್ತರಿ ಹಿಡಿಯೋದು ಕಲಿ" ಎಂದು ಅಪ್ಪ ರೇಗಿದಾಗ, "ಒಂದು ಸಲ ನೋಡಿಬಿಟ್ಟು ಬಯ್ಯಪ್ಪ" ಎಂದಿದ್ದ. ಅಪ್ಪ ನೋಡಿರಲಿಲ್ಲ. ಮೂರು ಕಂತು ಆಗಿತ್ತು. ಹೋದ ಚಳಿಗಾಲದಲ್ಲಿ ಜ್ವರವೆಂದು ಮಲಗಿದವನು ಏಳಲಿಲ್ಲ.

ಆಮೇಲೆ ಅಪ್ಪ ನೋಡಿದ. ಎಷ್ಟು ಸಲ ನೋಡಿದರೂ ಕಣ್ಣು ಮಂಜಾಗುತ್ತಿತ್ತೇ ಹೊರತು ನಗು ಬರುತ್ತಿರಲಿಲ್ಲ. ಇದು ನಗುವಂಥದ್ದು ಹೌದೋ ಅಲ್ಲವೋ ತಿಳಿಯುವುದು ಹೇಗೆ? ಇಸ್ತ್ರಿಯವನು "ಸೂಪರ್ ಅಣ್ಣ" ಎಂದು ನೆಲ ನೋಡಿದ್ದ. ಔಷಧದಂಗಡಿಯವರು ತಮಾಷೆ ಬರುವ ಮೊದಲೇ ನಕ್ಕುಬಿಟ್ಟಿದ್ದರು. ಹೆಂಡತಿಯಂತೂ, "ಹೆತ್ತ ಮಗನ ದನಿ ಕೇಳೋಕೆ ನಿಮಗೆ ಕಂಡೋರ ಸರ್ಟಿಫಿಕೇಟ್ ಬೇಕಾ?" ಎಂದು ಸಿಡುಕಿದ್ದಳು. ಬೇಕಾಗಿತ್ತು. ಮಗ ಮಾಡಿದ್ದು ಚೆನ್ನಾಗಿದ್ದರೆ ತಾನು ಬಯ್ದದ್ದು ತಪ್ಪು. ಚೆನ್ನಾಗಿಲ್ಲದಿದ್ದರೆ? ಯೋಚನೆ ಅಲ್ಲಿಗೇ ನಿಂತುಬಿಡುತ್ತಿತ್ತು.

ಕತ್ತಿಯ ಕೆಳಗಿರುವವರು ನಗಬಾರದು; ಕೆನ್ನೆ ಕದಲಿದರೆ ರಕ್ತ. ಅದಕ್ಕೇ ಪ್ರತಿ ತಮಾಷೆಗೂ ಒಂದು ಉಸಿರು ಮೊದಲೇ ಕ್ಷೌರಿಕ ಕತ್ತಿಯೆತ್ತಿ ಕಾದ. ಮಂತ್ರಿ ರಾಜನ ಕಾಲಿಗೆ ಬೀಳಲು ಹೋಗಿ ಮುಗ್ಗರಿಸಿದ. ಕತ್ತಿ ಮೇಲೆ ಹೋಯಿತು. ಡ್ರೈವರ್ ನಗಲಿಲ್ಲ. ಕಿರೀಟ ಕಣ್ಣಿನ ಮೇಲೆ ಜಾರಿತು. ಕತ್ತಿ ಮೇಲೆ ಹೋಯಿತು. ಡ್ರೈವರ್ ಆಕಳಿಸಿದ.

"ಏನು ಯಜಮಾನ್ರೇ, ಕೈ ನಡುಗುತ್ತಾ? ಪದೇ ಪದೇ ಎತ್ತುತ್ತೀರಲ್ಲ."

"ಇಲ್ಲ ಸ್ವಾಮಿ."

"ಎಳೀತಾರಪ್ಪ ಹುಡುಗರು. ಒಂದು ಮಾತಿಗೆ ನಾಕು ಸಲ ಹಲ್ಲು ಕಿರೀತಾರೆ."

ಎರಡನೆಯ ಕಂತೂ ಹಾಗೇ ಮುಗಿಯಿತು. ಕ್ಷೌರಿಕ ಮತ್ತೆ ನೊರೆ ಹಚ್ಚಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬ್ರಶ್ ಆಡಿಸಿದ.

ಮೂರನೆಯದರಲ್ಲಿ ಶತ್ರು ಕೋಟೆಗೆ ಮುತ್ತಿಗೆ ಹಾಕಿದ್ದ. ಮಂತ್ರಿ ಏದುಸಿರು ಬಿಡುತ್ತ ಓಡಿ ಬಂದು ಕಿರುಚಿದ. ಮಹಾರಾಜ ಸಿಂಹಾಸನದಿಂದ ಅಲುಗದೆ, ತಲೆಯನ್ನೂ ಎತ್ತದೆ ರಾಗವಾಗಿ ಹೇಳಿದ: "ಮುಂದೆ ಇಬ್ಬರಿದ್ದಾರೆ... ಪೇಪರ್ ಓದ್ತಾ ಕೂತಿರಿ ಅನ್ನಿ."

ಡ್ರೈವರ್ ಭೋರೆಂದು ನಕ್ಕುಬಿಟ್ಟ. ಕತ್ತಿ ಅವನ ಗದ್ದದ ಮೇಲೆಯೇ ಇತ್ತು. ನೊರೆಯಲ್ಲಿ ಕೆಂಪು ಎಳೆಯೊಂದು ಇಳಿಯಿತು.

ಅದು ತಮಾಷೆಯೆಂದು ಕ್ಷೌರಿಕನಿಗೆ ಎಂದೂ ಹೊಳೆದಿರಲಿಲ್ಲ. ಬಾಗಿಲಲ್ಲಿ ಇಣುಕಿದವರಿಗೆ ದಿನವೂ ತಾನೇ ಹೇಳುವ ಮಾತು ಅದು. ರಾಗವೂ ತನ್ನದೇ.

"ತಪ್ಪಾಯ್ತು ಸ್ವಾಮಿ, ತಪ್ಪಾಯ್ತು" ಎನ್ನುತ್ತ ಅವನು ಪಟಿಕ ಹುಡುಕಿ ಗಾಯಕ್ಕೆ ಒತ್ತಿದ.

"ಬಿಡ್ರೀ, ನಕ್ಕಿದ್ದು ನಾನು!" ಡ್ರೈವರ್ ಕಣ್ಣೊರೆಸಿಕೊಂಡ. ಕುರ್ಚಿಯ ಕೈಯ ಮೇಲಿನ ಅಂಟುಪಟ್ಟಿಗೆ ಅವನ ಬೆರಳು ತಾಗಿತು. ಮೊಬೈಲು ನೋಡಿದ, ಕುರ್ಚಿ ನೋಡಿದ. ರಾಜನ ಸಿಂಹಾಸನದ ಕೈಗೂ ಅದೇ ಪಟ್ಟಿ. "ಅಯ್ಯೋ, ಸಿಂಹಾಸನ ಇದೇ ಅಲ್ವಾ? ನಿಮ್ಮ ಮಗನಾ ರಾಜ?"

"ಹೂಂ."

"ಮುಲಾಜು ಬೇಡ ಅಂದಿದೀರಿ, ಹೇಳ್ತೀನಿ. ಮೊದಲಿನ ಎರಡು ದಂಡ. ಈ ಮೂರನೇದರಲ್ಲಿ ನೋಡಿ, ಹುಡುಗ ಕುದುರಿದಾನೆ. ಗಾಡಿ ಈಗ ಟಾಪ್ ಗೇರಿಗೆ ಬೀಳ್ತಾ ಇದೆ. ಬಿಡಬೇಡ ಅನ್ನಿ ಅವನಿಗೆ."

"ಹೇಳ್ತೀನಿ."

"ಮುಂದಿನದು ಯಾವಾಗ?"

ಕ್ಷೌರಿಕ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದ. ನೀರೆಲ್ಲ ಹೋದ ಮೇಲೂ ಹಿಂಡುತ್ತಿದ್ದ.

"ಸ್ವಲ್ಪ ತಡ ಆಗುತ್ತೆ" ಎಂದ.

ಹೊರಗೆ ಪಂಕ್ಚರ್‌ನವನು ಕೂಗಿದ. ಡ್ರೈವರ್ ಗದ್ದ ಸವರಿಕೊಳ್ಳುತ್ತ ಕುರ್ಚಿಯಿಂದ ಧುಮುಕಿ, ನಗುತ್ತಲೇ ಬೀದಿಗಿಳಿದ. ಅವನು ಇಳಿದ ರಭಸಕ್ಕೆ ಕುರ್ಚಿ ಖಾಲಿ ತಿರುಗತೊಡಗಿತು. ಕ್ಷೌರಿಕ ಟವೆಲು ಹಿಡಿದು ನಿಂತೇ ಇದ್ದ. ಅದು ತಾನಾಗಿ ನಿಲ್ಲುವವರೆಗೂ ಕೈ ಚಾಚಲಿಲ್ಲ.