ಕಿವಿಗೇರಿದ ಜನಿವಾರ

ಬಿಂದುಮಾಧವನಿಗೆ ಪುಣೆಯಲ್ಲಿ ಏಳು ಮನೆಗಳಿದ್ದವು, ಒಂದೂ ಅವನದಲ್ಲ. ಉಪ್ಪಿನ ಸತ್ಯಾಗ್ರಹದ ಮರುವರ್ಷದ ಮಾತು. ಧಾರವಾಡದ ಕಡೆಯಿಂದ ಇಂಟರ್ ಓದಲು ಬಂದಿದ್ದ ಈ ಬಡ ಬ್ರಾಹ್ಮಣರ ಹುಡುಗ ದಿನಕ್ಕೊಂದು ಮನೆಯಂತೆ ವಾರಾನ್ನ ಉಣ್ಣುತ್ತಿದ್ದ. ಬಡಿಸಿದವರು ಪುಣ್ಯ ಕಟ್ಟಿಕೊಳ್ಳುವುದರ ಜೊತೆಗೆ ಇವನನ್ನೂ ಕಟ್ಟಿಹಾಕಿಕೊಳ್ಳುತ್ತಿದ್ದರು. ಸೋಮವಾರದ ಮನೆಯಲ್ಲಿ ದಡ್ಡ ಮಗನಿಗೆ ಗಣಿತ ತಲೆಗೆ ಹತ್ತುವವರೆಗೆ ಎಲೆ ಹಾಕುತ್ತಿರಲಿಲ್ಲ. ಅದು ಹತ್ತುತ್ತಲೂ ಇರಲಿಲ್ಲ. ಬುಧವಾರದ ಕೃಷ್ಣಾಜಿರಾಯರು ಸಾರು ಬೀಳುವ ಹೊತ್ತಿಗೆ ಸರಿಯಾಗಿ ತಮ್ಮ ಮೂಲವ್ಯಾಧಿಯ ಕಥೆ ತೆಗೆಯುವವರು. ಗುರುವಾರದ ರಂಗೂಬಾಯಿಯವರಂತೂ ನಿನ್ನೆಯ ಮನೆಯಲ್ಲಿ ಏನು ಬಡಿಸಿದರು, ತುಪ್ಪ ಎಷ್ಟು ಹನಿ ಬಿತ್ತು ಎಂದು ಕೋರ್ಟಿನಂತೆ ವಿಚಾರಣೆ ನಡೆಸಿ ಆಮೇಲೆ ಅನ್ನ ಹಾಕುವರು. ಎರಡು ವರ್ಷದಿಂದ ತುತ್ತಿಗೊಮ್ಮೆ ತಲೆ ಬಾಗಿಸಿ ಬಾಗಿಸಿ ಅವನಿಗೆ ಸಾಕಾಗಿಹೋಗಿತ್ತು.

ಹೀಗಿರುವಾಗ ಕಸಬಾ ಪೇಟೆಯ ಒಂದು ಧರ್ಮಾಸ್ಪತ್ರೆಗೆ ವಾರ್ಡ್‌ಬಾಯ್ ಬೇಕಾಗಿದೆ ಎಂಬ ಸುದ್ದಿ ಬಂತು. ಬೆಳಗಿನ ಆರರಿಂದ ಕಾಲೇಜಿನ ಹೊತ್ತಿನವರೆಗೆ ಕೆಲಸ, ಎರಡು ಹೊತ್ತು ಅಲ್ಲೇ ಊಟ. ಊಟ ಎಂಬಲ್ಲಿಗೇ ಬಿಂದುಮಾಧವ ಎದ್ದು ಹೊರಟ. ಕೆಲಸವೇನೆಂದು ಕೇಳಲೂ ಇಲ್ಲ.

ಅಲ್ಲಿನ ದೊಡ್ಡ ಡಾಕ್ಟರು ಡೊಳ್ಳುಹೊಟ್ಟೆಯ ಪುಣೆಯವರು. ಕಾಲೇಜು ಹುಡುಗರು ಇಂಗ್ಲಿಷ್ ಮಾತಾಡುತ್ತ ಬಂದು, ಬೆಡ್‌ಪ್ಯಾನ್ ನೋಡಿ ಹಿತ್ತಿಲ ಬಾಗಿಲಿಂದ ಓಡುತ್ತಾರೆ, ಹೋದ ಸಲದವನು ಚಪ್ಪಲಿಯನ್ನೂ ಬಿಟ್ಟು ಓಡಿದ ಎಂದು ಮರಾಠಿಯಲ್ಲಿ ಚುಚ್ಚಿದರು. ಒಂಬತ್ತನೇ ಮಂಚದಲ್ಲಿ ಬೆಳಗಾವಿ ಕಡೆಯ ಬೆಲ್ಲದ ವ್ಯಾಪಾರಿ, ಮುದುಕ ಹೊಳಬಸಪ್ಪ, ಟಾಂಗಾದಿಂದ ಬಿದ್ದು ತೊಡೆ ಮುರಿದುಕೊಂಡು ಮಲಗಿದ್ದ. ಅವನಿಗೆ ಬೆಡ್‌ಪ್ಯಾನ್ ಇಟ್ಟು ತೆಗೆಯುವುದೇ ಪರೀಕ್ಷೆ ಎಂದರು.

ಬಿಂದುಮಾಧವ ಪ್ಯಾನಿಗೆ ಕೈ ಹಾಕುವ ಮೊದಲು ಆ ಕೈ ಇವನನ್ನು ಕೇಳದೆಯೇ ಅಂಗಿಯೊಳಗೆ ಹೋಗಿ ಜನಿವಾರ ಎಳೆದು ಬಲಗಿವಿಗೆ ಸುತ್ತಿಬಿಟ್ಟಿತು. ಎಂಟನೇ ವರ್ಷದ ಮುಂಜಿಯಿಂದ ಬಂದ ಶೌಚದ ಹೊತ್ತಿನ ರೂಢಿ. ಜನಿವಾರ ಕಿವಿಗೇರಿದ ಮೇಲೆ ಕೈಕಾಲು ತೊಳೆದು ಬಾಯಿ ಮುಕ್ಕಳಿಸುವವರೆಗೆ ಮಾತು ನಿಷಿದ್ಧ. ಈ ನಿಯಮ ಸ್ವಂತದ ಕೆಲಸಕ್ಕೆ ಮಾತ್ರವೋ ಪರರದಕ್ಕೂ ಉಂಟೋ ಎಂದು ಯಾವ ಋಷಿಯೂ ಹೇಳಿಹೋಗಿರಲಿಲ್ಲ. ಋಷಿಗಳಿಗೆ ವಾರ್ಡ್ ಇರಲಿಲ್ಲ.

ಡಾಕ್ಟರು ಹೆಸರು ಕೇಳಿದರು. ಊರು ಕೇಳಿದರು. ಅವನು ಕಿವಿ ತೋರಿಸಿದ. ಡಾಕ್ಟರೂ ಜನಿವಾರದವರೇ, ತಟ್ಟನೆ ತಿಳಿಯಿತು. ತಿಳಿದದ್ದೇ ಸಿಟ್ಟು ನೆತ್ತಿಗೇರಿತು. ನೋವಿನಲ್ಲಿರುವವರಿಗೆ ಒಂದು ಮಾತೂ ಆಡದ ಮೂಗ ನನಗೆ ಬೇಡ, ಬಾಯಿ ಬಿಡು, ಇಲ್ಲವೇ ನಡೆ ಎಂದು ಗುಡುಗಿದರು. ಮಾತಾಡಿದರೆ ಅಪ್ಪ ಇದೇ ಕಿವಿ ಹಿಂಡಿ ಕಲಿಸಿದ ಆಚಾರ ಹೋಗುತ್ತದೆ, ಆಡದಿದ್ದರೆ ನಾಳೆ ಮತ್ತೆ ರಂಗೂಬಾಯಿಯ ವಿಚಾರಣೆ. ಬಿಂದುಮಾಧವ ಬೆವರುತ್ತ ಮುದುಕನ ಸೊಂಟ ಎತ್ತಿ ಹಿಡಿದ.

ಅಲ್ಲಿಯವರೆಗೆ ಇಡೀ ವಾರ್ಡನ್ನು ಬೈಯುತ್ತಿದ್ದ ಹೊಳಬಸಪ್ಪನ ದನಿ ಹಾಸಿಗೆಯಿಂದ ಮೈ ಮೇಲೆದ್ದದ್ದೇ ಬದಲಾಯಿತು. ಅವನ ಮುಖ ಗೋಡೆಗಿತ್ತು, ಹಿಂದೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ.

“ತಮ್ಮಾ, ಗಟ್ಟಿ ಹಿಡಕೊಂಡೀಯಿಲ್ಲೋ?” ಎಂದ. ಉತ್ತರ ಬರದಿದ್ದಾಗ ಸಣ್ಣ ದನಿಯಲ್ಲಿ, “ಯಾರರ ಅದೀರೇನ್ರಿ ಹಿಂದ? ಬೀಳತೀನಿ ನಾ” ಎಂದ.

ಬಿಂದುಮಾಧವ ಹಿಡಿತ ಬಿಗಿ ಮಾಡಿ ಬಾಯಿ ಬಿಟ್ಟ.

“ಹಿಡಕೊಂಡೀನ್ರಿ ಅಜ್ಜಾರ. ನಾ ಇದ್ದೀನಿ, ಬೀಳಂಗಿಲ್ಲ.”

ಜನಿವಾರ ಕಿವಿಯ ಮೇಲೇ ಇತ್ತು. ಆಕಾಶವೂ ಬೀಳಲಿಲ್ಲ, ಮುದುಕನೂ ಬೀಳಲಿಲ್ಲ. ಹನ್ನೊಂದು ದಿನದ ಮೇಲೆ ಕನ್ನಡ ಕೇಳಿದ ಹೊಳಬಸಪ್ಪ ಗಳಗಳ ಅತ್ತ. ಅತ್ತು ಮುಗಿದದ್ದೇ ಗಂಜಿಯಿಂದ ಹಿಡಿದು ಡಾಕ್ಟರ ಹೊಟ್ಟೆಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಜಾಡಿಸಿದ. ಏನನ್ನುತ್ತಿದ್ದಾನೆಂದು ಡಾಕ್ಟರು ಕೇಳಿದರು. ತಮ್ಮನ್ನು ಹರಸುತ್ತಿದ್ದಾರೆ ಎಂದು ಬಿಂದುಮಾಧವ ಮರಾಠಿಯಲ್ಲಿ ಹೇಳಿದ. ಮಾತಾಡಿದ್ದೂ ಆಯಿತು, ಸುಳ್ಳಾಡಿದ್ದೂ ಆಯಿತು. ಡಾಕ್ಟರು ನಾಳೆ ಆರಕ್ಕೆ ಬಾ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಅವನು ಪ್ಯಾನ್ ತೊಳೆದಿಟ್ಟು, ಕೈಕಾಲು ತೊಳೆದು, ಜನಿವಾರ ಇಳಿಸಿ ಆಸ್ಪತ್ರೆಯ ಅಡುಗೆಮನೆಗೆ ಹೋದ. ಬಡಿಸುವವನ ಗೋತ್ರವನ್ನು ಇವನು ಕೇಳಲಿಲ್ಲ. ನಿನ್ನೆ ಎಲ್ಲಿ ಉಂಡೆ ಎಂದು ಅವನೂ ಕೇಳಲಿಲ್ಲ. ದಪ್ಪಕ್ಕಿಯ ಅನ್ನ, ನೀರುನೀರಾದ ಬೇಳೆ. ತಟ್ಟೆ ಖಾಲಿ ಮಾಡಿದ ಬಿಂದುಮಾಧವ ಎರಡು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ, ಇನ್ನಷ್ಟು ಅನ್ನ ಕೇಳಿದ.